ಹತ್ತಿ ಗಿರಣಿಯಿದ್ದಲ್ಲಿಂದ ನಾಲ್ಕು ಬೀದಿ ಬೆಟ್ಟದ ಕಡೆಗೆ

ನಮ್ಮ ದೇಶದ ರಾಜಧಾನಿ ಮನಾಗುವಾದಲ್ಲಿ ಯಾರದಾದರೂ ಮನೆ ಹುಡುಕಬೇಕಾದರೆ ಮೊದಲು ಈಗ ಇಲ್ಲದ ಯಾವುದನ್ನಾದರೂ ಹುಡುಕಬೇಕು. "ಗಡಿಯಾರದಂಗಡಿ ಇತ್ತಲ್ಲ, ಅಲ್ಲಿಂದ ಎರಡು ಬೀದಿ ಕೆರೆ ಕಡೆಗೆ, ಆಮೇಲೆ ಅರ್ಧ ಬೀದಿ ಮೇಲಕ್ಕೆ" ಎಂದು ವಿಳಾಸ ಹೇಳುತ್ತಾರೆ. ಆ ಅಂಗಡಿ ಎಪ್ಪತ್ತೆರಡರ ಭೂಕಂಪದಲ್ಲೇ ನೆಲಕಚ್ಚಿದೆ ಎಂಬುದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಸೂರ್ಯ ಹುಟ್ಟುವ ಕಡೆ ಮೇಲೆ, ಮುಳುಗುವ ಕಡೆ ಕೆಳಗೆ. ಉತ್ತರಕ್ಕೆ ಕೆರೆ, ದಕ್ಷಿಣಕ್ಕೆ ಬೆಟ್ಟ. ಬೀದಿಗೆ ಹೆಸರು ಬೇಕಿಲ್ಲ, ಮನೆಗೆ ನಂಬರು ಬೇಕಿಲ್ಲ.

ನಾನು ಸರ್ವೆಯರ್. ಮೂವತ್ತು ವರ್ಷ ಈ ಊರನ್ನು ಅಳೆದು ನಕ್ಷೆ ಬರೆದವನು. ಹೀಗಾಗಿ ಈ ಪದ್ಧತಿಯ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು. ಜಗತ್ತಿನ ಉಳಿದ ಊರುಗಳೆಲ್ಲ ನಂಬರು ಹಾಕಿಕೊಂಡು ನೆಮ್ಮದಿಯಾಗಿರುವಾಗ ನಾವು ಮಾತ್ರ ಸತ್ತ ಅಂಗಡಿ, ಕಡಿದ ಮರಗಳ ಬೆನ್ನು ಹತ್ತಿಕೊಂಡು ಏಕೆ ಅಲೆಯಬೇಕು ಎಂದು ಅಮ್ಮನೊಡನೆ ಎಷ್ಟೋ ಸಲ ಜಗಳವಾಡಿದ್ದೆ.

"ನಂಬರ್ ಇಟ್ಕೊಂಡು ಏನ್ ಮಾಡ್ತೀಯಾ ಫಾನೋರ್?" ಎನ್ನುತ್ತಿದ್ದಳು ಅಮ್ಮ. "ನಂಬರ್‌ಗೆ ನೆನಪಿರುತ್ತಾ?"

ನನ್ನ ಅಮ್ಮ ಉಬಾಲ್ದಾ, ಊರವರು ಗೌರವದಿಂದ ಕರೆಯುವ ದೋನ್ಯಾ ಉಬಾಲ್ದಾ, ಇನ್ನೊಂದು ವಿಷಯದಲ್ಲೂ ಹಟಮಾರಿ. ಭೂಕಂಪದ ರಾತ್ರಿ ನಮ್ಮ ಮನೆಯ ಸೂರು ನನ್ನ ಮೇಲೆ ಬಿದ್ದಿತ್ತು. ಆಗ ನನಗೆ ಐದು ವರ್ಷ. ಮರುದಿನ ಮಧ್ಯಾಹ್ನ ನನ್ನನ್ನು ತೊಲೆಯ ಅಡಿಯಿಂದ ಜೀವಸಹಿತ ಎಳೆದು ತೆಗೆದಾಗ ಅಮ್ಮ ಅಲ್ಲೇ, ಇಟ್ಟಿಗೆಯ ರಾಶಿಯ ಮೇಲೆ ಮಂಡಿಯೂರಿ ದೇವಮಾತೆ ಮರಿಯಮ್ಮನಿಗೆ ಹರಕೆ ಹೊತ್ತಳು. ಬದುಕಿರುವಷ್ಟು ವರ್ಷ ಡಿಸೆಂಬರ್ ಏಳರ ಸಂಜೆ ನನ್ನ ಬಾಗಿಲು ತೆರೆದಿರುತ್ತದೆ, ಬಂದು ಕೂಗಿದವರು ಯಾರೇ ಇರಲಿ, ಅವರ ಕೈಗೆ ಸಿಹಿ ಇಡುತ್ತೇನೆ ಎಂದು.

ಆ ಸಂಜೆ, ಪಾಪದ ಸೋಂಕಿಲ್ಲದೆ ಹುಟ್ಟಿದ ಮರಿಯಮ್ಮನ ಹಬ್ಬದ ಮುನ್ನಾದಿನ, ಊರಿಗೆ ಊರೇ ಬೀದಿಗಿಳಿಯುತ್ತದೆ. ಬಾಗಿಲಲ್ಲಿ ಮರಿಯಮ್ಮನನ್ನು ಕೂರಿಸಿದ ಮನೆಗಳ ಮುಂದೆ ಗುಂಪು ನಿಂತು "ಇಷ್ಟು ಸಂಭ್ರಮಕ್ಕೆ ಯಾರು ಕಾರಣ?" ಎಂದು ಕೂಗುತ್ತದೆ. "ಅಮಲೋದ್ಭವಿ ಮರಿಯಮ್ಮ" ಎಂದು ಒಳಗಿನವರು ಉತ್ತರ ಕೊಟ್ಟು, ಹಾಡಾದ ಮೇಲೆ ಒಂದೊಂದು ಪೊಟ್ಟಣ ಹಂಚುತ್ತಾರೆ. ಅಮ್ಮನ ಪೊಟ್ಟಣದಲ್ಲಿ ಹುರಿದ ಮೆಕ್ಕೆಜೋಳದ ಹಿಟ್ಟು ಮತ್ತು ಬೆಲ್ಲದ ಬರ್ಫಿ, ಕಬ್ಬಿನ ತುಂಡು, ಒಂದು ಕಿತ್ತಳೆ, ಎರಡು ನಿಂಬೆ. ಎಂಬತ್ತರ ದಶಕದ ಯುದ್ಧದ ವರ್ಷಗಳಲ್ಲಿ ಸಕ್ಕರೆ, ಬೆಲ್ಲ ಯಾವುದೂ ಸಿಗದಿದ್ದಾಗ ಬರೀ ನಿಂಬೆಹಣ್ಣು ಹಂಚಿದ್ದಳು. ಒಂದು ವರ್ಷವೂ ತಪ್ಪಿಸಿರಲಿಲ್ಲ.

ಭೂಕಂಪದ ನಂತರ ನಾವು ನೆಲೆಸಿದ ಬಡಾವಣೆ ಬಡವರದು, ಆದರೆ ಅದರ ಬೀದಿಗಳು ಶ್ರೀಮಂತ. ಒಂದೊಂದು ಬೀದಿಯೂ ಇನ್ನೊಂದಕ್ಕೆ ಕೂಡುತ್ತಿತ್ತು. ನನಗೆ ಶಾಲೆಗೆ ಹೋಗಲು ಏಳು ದಾರಿಗಳಿದ್ದವು. ರೊಟ್ಟಿ ಸುಡುವ ಸಲ್ವದೋರಾ ಮನೆಯ ಮುಂದಿನ ದಾರಿ ಹಸಿವಾದ ದಿನಕ್ಕೆ. ಮನೆಪಾಠ ಮಾಡದ ದಿನ ಮೇಷ್ಟರ ಮನೆ ತಪ್ಪಿಸುವ ದಾರಿ. ಕಚ್ಚುವ ನಾಯಿಯ ದಾರಿಯನ್ನು ಹಿಡಿಯುತ್ತಿದ್ದುದು ಮಾತ್ರ ಆ ನಾಯಿಯ ಯಜಮಾನನ ಮಗಳಿಗಾಗಿ. ಡಿಸೆಂಬರ್ ಏಳರಂದು ನಾವು ಹುಡುಗರು ಮೂವತ್ತು ನಲವತ್ತು ಮನೆ ಸುತ್ತುತ್ತಿದ್ದೆವು, ಬಂದ ದಾರಿಯನ್ನೇ ಮತ್ತೆ ತುಳಿಯದೆ. ಯಾವ ಬೀದಿ ಹಿಡಿಯಲಿ ಎಂಬ ಗೊಂದಲವೇ ಒಂದು ಸುಖವಾಗಿತ್ತು.

ಇಷ್ಟೆಲ್ಲ ಉಂಡವನು ನಾನು ಮಾಡಿದ ಕೆಲಸವನ್ನು ಈಗ ಹೇಳಬೇಕು.

ಊರು ಬೆಟ್ಟದ ಕಡೆಗೆ ಹಬ್ಬತೊಡಗಿದಾಗ ಹಳೆಯ ಹತ್ತಿ ಹೊಲಗಳನ್ನು ಕೊಂಡ ಕಂಪನಿಯೊಂದು ನನ್ನನ್ನು ಕರೆಯಿತು. ಮುನ್ನೂರು ಮನೆಗಳ ಕಾಲನಿ, 'ಸ್ವರ್ಗದ ಹುಲ್ಲುಗಾವಲು' ಎಂದು ಹೆಸರು. ಅಲ್ಲಿ ಸ್ವರ್ಗವೂ ಇರಲಿಲ್ಲ, ಹುಲ್ಲೂ ಇರಲಿಲ್ಲ. ನಾನು ಅಭ್ಯಾಸಬಲದಿಂದ ನೇರ ಬೀದಿ, ಅಡ್ಡ ಬೀದಿ ಎಳೆದು ಕೊಟ್ಟೆ. ಕಂಪನಿಯ ಯಜಮಾನ ನಕ್ಷೆ ನೋಡಿ ನಕ್ಕ.

"ಇದೇನ್ರೀ, ಚದುರಂಗದ ಮಣೆ ತಂದಿದ್ದೀರಿ? ನಮ್ಮ ಗಿರಾಕಿ ದುಡ್ಡು ಕೊಡೋದೇ ಬೇರೆಯವರು ಓಡಾಡದ ಬೀದಿಗೆ. ಒಂದೇ ಗೇಟ್ ಇಡಿ. ಒಳಗಿನ ರಸ್ತೆ ಎಲ್ಲೂ ಹಾಯ್ಕೊಂಡು ಹೋಗ್ಬಾರ್ದು."

ಹಾಗೆಯೇ ಮಾಡಿದೆ. ಎಲ್ಲ ರಸ್ತೆಯೂ ಬಳುಕಿ ಬಾಗಿ, ಕೊನೆಗೆ ಕಾಲುಚೀಲದ ತುದಿಯಂತೆ ಮುಚ್ಚಿಹೋಗುವ ಹಾಗೆ ಬರೆದೆ. ಸುತ್ತ ಮೂರು ಮೀಟರ್ ಗೋಡೆ, ಅದರ ಮೇಲೆ ಮುಳ್ಳುತಂತಿಯ ಸುರುಳಿ. ಹಿಂಭಾಗದಲ್ಲಿ ಹೊಕೊತೆ ಎಂಬ ಹಳೆಯ ಹಳ್ಳಿಯಿತ್ತು. ಅಲ್ಲಿನವರು ಬೆಟ್ಟದ ಕಡೆಯ ಇಗರ್ಜಿಗೆ ಹೋಗುತ್ತಿದ್ದ ಕಾಲುದಾರಿ ಈ ಹೊಲದ ನಡುವೆಯೇ ಹಾದಿತ್ತು. ಸರ್ಕಾರದ ಹಳೆಯ ನಕ್ಷೆಯಲ್ಲಿ ಅದು ಚುಕ್ಕೆಗೆರೆಯಾಗಿ ಇತ್ತು. ನಾನು ರಬ್ಬರಿನಿಂದ ಉಜ್ಜಿದೆ. ಎರಡು ನಿಮಿಷದ ಕೆಲಸ. ಅದಕ್ಕೆ ಪ್ರತಿಯಾಗಿ ಅಲ್ಲೇ ನನಗೊಂದು ಮನೆ ಅಗ್ಗದಲ್ಲಿ ಸಿಕ್ಕಿತು, ಹಿಂದಿನ ಗೋಡೆಗೆ ಅಂಟಿದಂತೆ. ನಾನೂ ನನ್ನ ಹೆಂಡತಿ ಯಮಿಲೆತ್ ಕೂಡ ಬಹಳ ಹೆಮ್ಮೆಪಟ್ಟೆವು.

ಭೂಕಂಪವಾಗಿ ನಲವತ್ತಮೂರು ವರ್ಷವಾಗಲಿದ್ದಾಗ ಅಮ್ಮನ ಬಾಡಿಗೆ ಮನೆಯನ್ನು ಟೈರಿನ ಅಂಗಡಿಯವರು ಕೊಂಡರು. ಸೆಪ್ಟೆಂಬರ್‌ನಲ್ಲಿ ನಾನು ಅವಳನ್ನು ಮನೆಗೆ ಕರೆತಂದೆ. ಮೊದಲ ದಿನವೇ ಅವಳು ಸಂಜೆ ಅಡ್ಡಾಡಲು ಹೊರಟವಳು ಮುಕ್ಕಾಲು ಗಂಟೆಯ ಮೇಲೆ ಏದುಸಿರು ಬಿಡುತ್ತ ಬಂದಳು.

"ಅಲ್ಲಾ ಫಾನೋರ್, ನಾಲ್ಕು ಕಡೆ ಹೋದೆ. ನಾಲ್ಕೂ ಕಡೆ ಯಾರದೋ ಗ್ಯಾರೇಜಿನ ಮುಂದೆ ದಾರಿ ಮುಗೀತು. ಒಂದ್ ಮೊಟ್ಟೆ ತರೋಣ ಅಂದ್ರೆ ಅಂಗಡಿ ಇಲ್ಲ. ಮಾತಾಡ್ಸೋಣ ಅಂದ್ರೆ ಮನುಷ್ಯರೇ ಇಲ್ಲ. ಇದನ್ನ ಬರ್ದೋನು ಯಾವನಪ್ಪಾ, ಕುಡ್ದಿದ್ನಾ?"

ಯಮಿಲೆತ್ ನನ್ನ ಮುಖ ನೋಡಿದಳು. ನಾನು ಕಾಫಿ ಲೋಟದೊಳಗೆ ಮುಖವಿಟ್ಟೆ.

ನವೆಂಬರ್ ಕಳೆಯುತ್ತಿದ್ದಂತೆ ಅಮ್ಮ ಬೆಲ್ಲ ಕರಗಿಸತೊಡಗಿದಳು. ಮನೆಯೆಲ್ಲ ಹುರಿದ ಜೋಳದ ವಾಸನೆ. ಇನ್ನೂರು ಪೊಟ್ಟಣ ಕಟ್ಟುವ ಲೆಕ್ಕ ಅವಳದು.

"ಅತ್ತೆ, ಇಲ್ಲಿ ಯಾರೂ ಮನೆಮನೆಗೆ ಹೋಗಲ್ಲ," ಎಂದಳು ಯಮಿಲೆತ್ ಮೆಲ್ಲಗೆ. "ಕರ್ದೋರು ಮಾತ್ರ ಬರ್ತಾರೆ. ಹೊರಗಿನೋರ ಹೆಸರು ಮೊದ್ಲೇ ಗೇಟಿಗೆ ಬರ್ಸಬೇಕು."

"ಮರಿಯಮ್ಮನ್ನ ಕೂಗೋಕೆ ಹೆಸರು ಬರ್ಸ್ಬೇಕಾ?"

"ಇಲ್ಲಿನ ರೂಲ್ಸು ಅತ್ತೆ."

"ಸರಿ, ಬರ್ಸು ಮತ್ತೆ. ಸಲ್ವದೋರಾ ಮತ್ತು ಅವಳ ಜೊತೆ ಬರೋರು. ಎಷ್ಟು ಜನ ಅಂತ ಅವಳಿಗೇ ಗೊತ್ತಿರಲ್ಲ."

ರೊಟ್ಟಿಯ ಸಲ್ವದೋರಾಗೆ ಅಮ್ಮ ಫೋನಿನಲ್ಲಿ ದಾರಿ ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ನಾನೇ ಹೇಳಬೇಕಿತ್ತು ಎಂದು ಆಗ ಹೊಳೆಯಲೂ ಇಲ್ಲ. ನಮ್ಮ ಕಾಲನಿಗೆ ಗೇಟಿದೆ, ಗೇಟಿಗೆ ಹೆದ್ದಾರಿಯಲ್ಲಿ ದೊಡ್ಡ ಬೋರ್ಡಿದೆ, ಅದನ್ನು ಬಿಟ್ಟು ಬೇರೆ ದಾರಿ ಹೇಳಲು ಯಾರಿಗೆ ಸಾಧ್ಯ ಎಂದುಕೊಂಡಿದ್ದೆ.

ಏಳರಂದು ಮಧ್ಯಾಹ್ನದಿಂದಲೇ ಅಮ್ಮ ಬಾಗಿಲಲ್ಲಿ ಪೀಠ ಕಟ್ಟಿದಳು. ಮಾದ್ರೋನ್ಯೊ ಹೂವಿನ ಬಿಳಿ ಗೊಂಚಲು, ತಾಳೆಗರಿ, ನಡುವೆ ಹಳೆಯ ಮರಿಯಮ್ಮ. ಆರು ಹೊಡೆಯುತ್ತಲೇ ಊರಿನ ಎಲ್ಲ ಕಡೆಯಿಂದ ಪಟಾಕಿ ಸಿಡಿಯಿತು. ಅಮ್ಮ ಒಳ್ಳೆಯ ಉಡುಪು ಹಾಕಿಕೊಂಡು ಪೀಠದ ಪಕ್ಕ ಕುರ್ಚಿಯಲ್ಲಿ ಕುಳಿತಳು. ನಮ್ಮ ಬೀದಿಯಲ್ಲಿ ಹನ್ನೊಂದು ಮನೆ. ಹನ್ನೊಂದರ ಬಾಗಿಲೂ ಮುಚ್ಚಿತ್ತು.

ಆರೂ ಕಾಲಾಯಿತು. ಆರೂವರೆಯಾಯಿತು. ಕಾರೊಂದು ತಪ್ಪಿ ನಮ್ಮ ಬೀದಿಗೆ ನುಗ್ಗಿ, ತುದಿಯಲ್ಲಿ ದಾರಿಯಿಲ್ಲದ್ದನ್ನು ಕಂಡು, ತಿರುಗಿಸಿಕೊಂಡು ಹೋಯಿತು. ಅಮ್ಮ ಅದರ ದೀಪ ಕಂಡಾಗ ಎದ್ದು ನಿಂತಿದ್ದಳು, ಮತ್ತೆ ಕುಳಿತಳು. ನಾನು ತಡೆಯಲಾರದೆ ಗೇಟಿಗೆ ಓಡಿದೆ.

"ಯಾರೂ ಬಂದಿಲ್ಲ ಇಂಜಿನಿಯರ್ರೆ," ಎಂದ ಕಾವಲುಗಾರ. ಕೈಯಲ್ಲಿ ಪೆನ್ಸಿಲ್ ಹಿಡಿದವರೆಲ್ಲ ನಮ್ಮಲ್ಲಿ ಇಂಜಿನಿಯರ್. "ಲಿಸ್ಟ್ ಹಿಡ್ಕೊಂಡು ಕೂತಿದೀನಿ. ಒಬ್ರೂ ಇಲ್ಲ."

ಮರಳಿ ಬಂದಾಗ ಯಮಿಲೆತ್ ಪಕ್ಕದ ಮನೆಯ ಇಬ್ಬರು ಹುಡುಗಿಯರನ್ನು ಕೈಹಿಡಿದು ಕರೆತರುತ್ತಿದ್ದಳು. ಅವರು ಏನು ಕೂಗಬೇಕೆಂದು ತಿಳಿಯದೆ ಫೋನಿನಲ್ಲಿ ನೋಡುತ್ತಿದ್ದರು. ಅಮ್ಮ ಇಬ್ಬರಿಗೂ ಪೊಟ್ಟಣ ಕೊಟ್ಟು ಕೆನ್ನೆ ಸವರಿದಳು. ಆದರೆ ಅವರು ಹೋದ ಮೇಲೆ ನನಗೆ ಹೇಳಿದಳು:

"ಪಾಪ, ನೀವು ಕರ್ಕೊಂಡ್ ಬಂದ್ರಿ. ಹೀಗಲ್ಲ ಮಗಾ ನಾನು ಹೇಳ್ಕೊಂಡಿದ್ದು. ತಾವಾಗೇ ಬಂದ್ ಕೂಗ್ಬೇಕು. ಯಾರೂ ಬರ್ದೇ ಇದ್ರೆ ಹರಕೆ ಇವತ್ತಿಗೆ ಮುರೀತು ಅಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ವಾಸಿಯಿತ್ತು. ನನ್ನ ಜೀವಕ್ಕಾಗಿ ಹೊತ್ತ ಹರಕೆ ನನ್ನ ಮನೆಯ ಬಾಗಿಲಲ್ಲೇ ಮುರಿಯುತ್ತಿತ್ತು. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಅಲ್ಲಿ ಕೇಳಿಸಿತು. ಹಿತ್ತಲಿನ ಕಡೆಯಿಂದ, ಗೋಡೆಯ ಆಚೆಯಿಂದ, ಹತ್ತಾರು ಗಂಟಲು ಒಟ್ಟಿಗೆ:

"ಇಷ್ಟು ಸಂಭ್ರಮಕ್ಕೆ ಯಾರು ಕಾರಣ?"

ಮಹಡಿಯ ಕಿಟಕಿಗೆ ಓಡಿ ನೋಡಿದೆ. ಹೊಕೊತೆಯ ಮಣ್ಣಿನ ಬೀದಿಯಲ್ಲಿ, ನಮ್ಮ ಗೋಡೆಗೆ ಮುಖ ಮಾಡಿ ಐವತ್ತು ಅರುವತ್ತು ಜನ ನಿಂತಿದ್ದರು. ಹಳೆಯ ಬಡಾವಣೆಯವರು, ದಾರಿಯಲ್ಲಿ ಸೇರಿಕೊಂಡ ಹೊಕೊತೆಯವರು, ಹೆಗಲ ಮೇಲೆ ಮಕ್ಕಳು. ಎಲ್ಲರ ಮುಂದೆ ಸಲ್ವದೋರಾ, ಸೊಂಟದ ಮೇಲೆ ಕೈಯಿಟ್ಟು.

"ಏ ಫಾನೋರ್, ಬಾಗ್ಲೆಲ್ಲೋ?" ಎಂದಳು ನನ್ನನ್ನು ಕಂಡವಳೇ.

"ಇಲ್ಲಿಗ್ಯಾಕೆ ಬಂದ್ರಿ ದೋನ್ಯಾ ಸಲ್ವದೋರಾ? ಗೇಟ್ ಆ ಕಡೆ ಇದೆ."

"ನಿಮ್ಮಮ್ಮ ಹೇಳ್ದಂಗೇ ಬಂದಿದೀವಪ್ಪ. ಹತ್ತಿ ಗಿರಣಿ ಇದ್ದಲ್ಲಿ ಬಸ್ ಇಳೀರಿ, ನಾಲ್ಕು ಬೀದಿ ಬೆಟ್ಟದ ಕಡೆಗೆ, ಅರ್ಧ ಬೀದಿ ಮೇಲಕ್ಕೆ, ಅಲ್ಲೇ ಮನೆ ಅಂದ್ಲು. ಎಣಿಸ್ಕೊಂಡೇ ಬಂದ್ವಿ. ಇದೇ ಅಲ್ವಾ ಮನೆ?"

ಅದೇ ಮನೆ. ಅಮ್ಮ ಹುಡುಗಿಯಾಗಿದ್ದಾಗ ಈ ಹೊಲಗಳಲ್ಲಿ ಹತ್ತಿ ಬಿಡಿಸಿದ್ದಳು, ನಂತರ ಹತ್ತಿ ಬಿಡಿಸುವವರಿಗೆ ಊಟ ಮಾರಿದ್ದಳು. ಕಾಲನಿಯ ಕೆಳಗಿನ ನೆಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗಿರಣಿ ಬಿದ್ದು ಮೂವತ್ತು ವರ್ಷವಾದರೂ ಅವಳ ಅಳತೆ ಹತ್ತು ಮೀಟರಿನಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ಒಂದೇ: ನೆಲದ ಮೇಲೆ ದಾರಿ ಇದ್ದೇ ಇರುತ್ತದೆ ಎಂದು ಅವಳು ನಂಬಿದ್ದಳು.

"ಸುತ್ತಿಕೊಂಡ್ ಬನ್ನಿ," ಎಂದೆ. "ಹೆದ್ದಾರಿಗೆ ಹೋಗಿ..."

"ಎಷ್ಟು ದೂರ?"

"ನಾಲ್ಕು ಕಿಲೋಮೀಟರ್."

ಗುಂಪು ನಕ್ಕಿತು. ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದಿದ್ದರು. ಸಲ್ವದೋರಾ ಗೋಡೆಯನ್ನು ಕೈಯಿಂದ ತಟ್ಟಿ ನೋಡಿದಳು.

"ನಿನ್ ಕಿಟಕಿ ಪರದೆ ಮೇಲಿನ ಹೂವು ಕಾಣ್ತಿದೆ ನಂಗೆ. ನಾಲ್ಕು ಕಿಲೋಮೀಟರಾ? ಯಾವ ಕತ್ತೆ ಕಟ್ಟಿದ್ದು ಈ ಗೋಡೇನ?"

ಅಷ್ಟರಲ್ಲಿ ಅಮ್ಮ ಹಿತ್ತಲಿಗೆ ಬಂದು ನನ್ನ ಕಿಟಕಿಯ ಕೆಳಗೇ ನಿಂತಿದ್ದಳು. ಆ ಕಡೆ ಅವರು, ಈ ಕಡೆ ಅವಳು. ಸುಳ್ಳು ಹೇಳಬಹುದಿತ್ತು. ಕಂಪನಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು.

"ನಾನೇ," ಎಂದೆ. "ಗೆರೆ ಎಳೆದಿದ್ದು ನಾನೇ."

ಯಾರೂ ನಗಲಿಲ್ಲ. ಅಮ್ಮನ ಹಿಂದೆಯೇ ಪೊಟ್ಟಣದ ಬುಟ್ಟಿ ಹೊತ್ತು ಬಂದಿದ್ದ ಯಮಿಲೆತ್ ಒಂದನ್ನು ಎತ್ತಿ ಗೋಡೆಯಾಚೆ ಎಸೆದಳು. ಅದು ಮುಳ್ಳುತಂತಿಗೆ ಸಿಕ್ಕಿ ಹರಿಯಿತು. ನಿಂಬೆಹಣ್ಣು ಆ ಕಡೆ ಬಿತ್ತು, ಬರ್ಫಿ ಈ ಕಡೆ. ಇನ್ನೊಂದು ಎತ್ತುವಷ್ಟರಲ್ಲಿ ಅಮ್ಮ ಅವಳ ಕೈ ಹಿಡಿದಳು.

"ಕೈಗೆ ಇಡ್ತೀನಿ ಅಂದಿದ್ದೆ ನಾನು. ಎಸೀತೀನಿ ಅಂದಿರ್ಲಿಲ್ಲ." ಆಮೇಲೆ ಗೋಡೆಯ ಕಡೆಗೆ ತಿರುಗಿ ಕೂಗಿದಳು: "ಸಲ್ವದೋರಾ, ಅಲ್ಲೇ ಇರು. ಯಾರನ್ನೂ ಬಿಡ್ಬೇಡ. ಹಾಡ್ತಾ ಇರಿ. ನಾನೇ ಬರ್ತೀನಿ."

ಪೊಟ್ಟಣಗಳನ್ನು ಕಾರಿನ ಡಿಕ್ಕಿಗೆ ತುಂಬಿದೆವು. ಮರಿಯಮ್ಮನನ್ನು ಅಮ್ಮ ತೊಡೆಯ ಮೇಲಿಟ್ಟುಕೊಂಡಳು. ಹಬ್ಬದ ದಿನದ ದಟ್ಟಣೆ. ಹೆದ್ದಾರಿಯಲ್ಲಿ ಕಾರು ಇಂಚಿಂಚಾಗಿ ಸಾಗಿತು. ನಾನೇ ಎಳೆದ ಗೆರೆಯನ್ನು ಸುತ್ತಿ ಹೋಗುತ್ತ ನಾನೇ ಹಾರ್ನ್ ಒತ್ತುತ್ತಿದ್ದೆ. ಸೇತುವೆ ದಾಟುವಾಗ ಅಮ್ಮ ಕೇಳಿದಳು:

"ಗೆರೆ ಎಳೆಯೋವಾಗ ಅಲ್ಲಿ ದಾರಿ ಇತ್ತು ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತಮ್ಮ."

"ಜನ ಓಡಾಡ್ತಿದ್ರು ಅಂತ?"

"ಗೊತ್ತಿತ್ತು."

"ಗೊತ್ತಿಲ್ಲ ಅಂದಿದ್ರೆ ಸಮಾಧಾನ ಆಗ್ತಿತ್ತು," ಎಂದಳು. ಅಷ್ಟೇ. ಅದಾದ ಮೇಲೆ ಇಂದಿನವರೆಗೆ ಆ ಮಾತನ್ನು ಅವಳು ಎತ್ತಿಲ್ಲ.

ಮೂವತ್ತೈದು ನಿಮಿಷವಾಗಿತ್ತು ನಾವು ತಲುಪಿದಾಗ. ಒಬ್ಬರೂ ಹೋಗಿರಲಿಲ್ಲ, ಬದಲಿಗೆ ಮೂರು ನಾಲ್ಕು ಪಟ್ಟು ಹೆಚ್ಚಿದ್ದರು. ಗೋಡೆಯ ಎದುರಿನ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ತನ್ನ ಹೊಲಿಗೆ ಯಂತ್ರದ ಮೇಜನ್ನು ಬಾಗಿಲಿಗೆ ಎಳೆದು, ಮೇಲೆ ಬಿಳಿ ಬಟ್ಟೆ ಹಾಸಿ ಕಾದಿದ್ದಳು. ಅಮ್ಮ ಮರಿಯಮ್ಮನನ್ನು ಅದರ ಮೇಲಿಟ್ಟಳು. ಜನ ಕೂಗಿದರು. ಅಮ್ಮ ಉತ್ತರ ಕೊಟ್ಟಳು, ಎಪ್ಪತ್ತೊಂಬತ್ತು ವರ್ಷದ ದನಿ ಒಡೆಯುವಷ್ಟು ಗಟ್ಟಿಯಾಗಿ. ಒಬ್ಬೊಬ್ಬರಿಗೂ ಕೈಗೇ ಇಟ್ಟಳು. ಇನ್ನೂರು ಪೊಟ್ಟಣ ಸಾಲಲಿಲ್ಲ. ಉಳಿದ ಕೆಲವನ್ನು ಬಿಚ್ಚಿ, ಕೊನೆಯವರಿಗೆ ಕಿತ್ತಳೆಯನ್ನು ಹೋಳು ಮಾಡಿ ಹಂಚಿದಳು. ನಾನು ಕಾರಿಗೆ ಒರಗಿ ನಿಂತು ಅತ್ತೆ. ನಾಚಿಕೆಯಾಗಲಿಲ್ಲ.

ಹೊರಡುವಾಗ ಅಮ್ಮ ಕಾರು ಹತ್ತಲಿಲ್ಲ.

"ಇವಳ ಮುಂದಿನ ಕೋಣೆ ಖಾಲಿ ಇದೆಯಂತೆ," ಎಂದಳು ಹೊಲಿಗೆಯವಳನ್ನು ತೋರಿಸಿ. "ಬಾಗಿಲು ಬೀದಿಗೇ ಇದೆ. ಮೂಲೆ ಅಂಗಡೀಲಿ ಮೊಟ್ಟೆ ಸಿಗುತ್ತೆ. ನಾಳೆ ನನ್ ಬಟ್ಟೆ ತಂದ್ಬಿಡು."

"ಅಮ್ಮ, ನನ್ ಮೇಲೆ ಕೋಪಾನಾ?"

"ಕೋಪ ಅಲ್ಲ ಕಣೋ. ನಿನ್ ಮನೇಲಿ ಎಲ್ಲಾ ಇದೆ. ಬರೋರು ಮಾತ್ರ ಇಲ್ಲ."

ಮರುತಿಂಗಳು ನಾನು ಕಾಲನಿಯ ಸಭೆಗೆ ನಕ್ಷೆ ಹಿಡಿದು ಹೋದೆ. ಗೋಡೆಯಲ್ಲಿ ಒಂದು ಸಣ್ಣ ಬಾಗಿಲು, ಒಂದು ಮೀಟರ್ ಅಗಲ, ಹಗಲು ಮಾತ್ರ ತೆರೆಯುವುದು, ಬೇಕಾದರೆ ಕಾವಲಿಗೆ ಜನ. ಹಳೆಯ ಕಾಲುದಾರಿಯನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದೆ. "ಬೇರೆಯವರು ಬರಬಾರ್ದು ಅಂತಾನೇ ಅಲ್ವೇ ನಾವು ಇಲ್ಲಿ ಮನೆ ತಗೊಂಡಿದ್ದು?" ಎಂದರು ಅಧ್ಯಕ್ಷರು ಬಹಳ ಮರ್ಯಾದೆಯಿಂದ. ಕೈ ಎತ್ತಿದವರು ಮೂವರು. ಅವರಲ್ಲಿ ಇಬ್ಬರು ನಾನು ಮತ್ತು ಯಮಿಲೆತ್. ಮೂರನೆಯವನಾದ ಮುದುಕನಿಗೆ ತಾನು ಯಾವ ವಿಷಯಕ್ಕೆ ಕೈ ಎತ್ತಿದ್ದು ಎಂದು ತಿಳಿದಿತ್ತೋ ಇಲ್ಲವೋ.

ಈಗ ನಾನು ನಿವೃತ್ತ. ಒಂದು ದಿನ ಟೇಪು ಹಿಡಿದು ಅಳೆದೆ. ನನ್ನ ಅಡುಗೆಮನೆಯಿಂದ ಅಮ್ಮನ ಒಲೆಗೆ ನಲವತ್ತೊಂದು ಮೀಟರ್. ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಇನ್ನೂರು ಮೀಟರ್. ಬೆಳಿಗ್ಗೆ ಅವಳು ಜೋಳದ ರೊಟ್ಟಿ ತಟ್ಟುವ ಸದ್ದು ನನ್ನ ಹಿತ್ತಲಿಗೆ ಕೇಳುತ್ತದೆ. ಅವಳು ಕೆಮ್ಮಿದರೆ ನಾನು ಔಷಧಿ ಹಿಡಿದು ಕಾರು ತೆಗೆಯುತ್ತೇನೆ.

ಅಮ್ಮ ಅಲ್ಲಿಗೆ ಹೋದ ಮರುವರ್ಷದ ಡಿಸೆಂಬರ್ ಏಳಕ್ಕೆ ನಾನು ಕಾರು ಬಿಟ್ಟು ನಡೆದೇ ಹೋದೆ. ಆರಕ್ಕೆ ತಲುಪಲೆಂದು ಐದಕ್ಕೂ ಮುಂಚೆ ಹೊರಟಿದ್ದೆ. ಗೇಟು, ಹೆದ್ದಾರಿ, ಸೇತುವೆ, ಆಮೇಲೆ ಹೊಕೊತೆಯ ಅಡ್ಡಬೀದಿಗಳು. ಅಲ್ಲಿ ಕಾಲಿಟ್ಟ ಕೂಡಲೇ ಯಾವ ಬೀದಿ ಹಿಡಿಯಲಿ ಎಂಬ ಗೊಂದಲ ಬಂತು. ಮೂರು ದಾರಿಯಿದ್ದವು. ಎಷ್ಟೋ ವರ್ಷದ ಮೇಲೆ ಆ ಗೊಂದಲದ ಸುಖ ಸಿಕ್ಕಿತು. ಬೇಕೆಂದೇ ಉದ್ದದ ದಾರಿ ಹಿಡಿದೆ. ಅಮ್ಮನ ಬಾಗಿಲ ಮುಂದೆ ಗುಂಪಿನಲ್ಲಿ ನಿಂತು ಎಲ್ಲರೊಡನೆ ಕೂಗಿದೆ. ಸಾಲಿನಲ್ಲಿ ನನ್ನ ಸರದಿ ಬಂದಾಗ ಅಮ್ಮ ನನ್ನ ಎರಡೂ ಕೈಗೆ ಒಂದೊಂದು ಪೊಟ್ಟಣ ಇಟ್ಟಳು.

"ಇನ್ನೊಂದು ಯಮಿಲೆತ್‌ಗೆ," ಎಂದಳು. ನನ್ನ ಬೆನ್ನ ಹಿಂದೆ, ಗೋಡೆಯಾಚೆ, ನನ್ನ ಮನೆಯ ಮಹಡಿಯ ಕಿಟಕಿಯಲ್ಲಿ ಯಮಿಲೆತ್ ನಿಂತು ಕೈ ಬೀಸುತ್ತಿದ್ದಳು. "ಕತ್ತಲಾಯ್ತು, ಬೇಗ ಹೊರಡು ಮಗಾ. ನಿಂಗೆ ದೂರ ಇದೆ."